ಅಮ್ಮನ ಕೈ ರಾತ್ರಿ ಜೋಮು ಹಿಡಿಯುತ್ತದೆ, ಕಿರುಬೆರಳಿಗೆ ಮಾತ್ರ ಏನೂ ಆಗುವುದಿಲ್ಲ. ಯಾಕೆ?

ಅಡಿಕೆಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮನಿಗೆ 54 ವರ್ಷ. ಕೊಯ್ಲು ಶುರುವಾದರೆ ಎರಡು ಮೂರು ತಿಂಗಳು ಅಡಿಕೆ ಸುಲಿಯುವುದೇ ಕೆಲಸ. ಸಂಜೆ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹನ್ನೊಂದಾದರೂ ಏಳುವುದಿಲ್ಲ. ಈ ವರ್ಷ ಹೊಸ ತೊಂದರೆ ಶುರುವಾಗಿದೆ. ರಾತ್ರಿ ಎರಡು ಗಂಟೆ ಹೊತ್ತಿಗೆ ಬಲಗೈ ಜೋಮು ಹಿಡಿದು ಎಚ್ಚರ ಆಗುತ್ತದೆ. ಎದ್ದು ಕೂತು ಕೈ ಕೊಡವುತ್ತಾರೆ, ಹತ್ತು ನಿಮಿಷಕ್ಕೆ ಸರಿ ಹೋಗುತ್ತದೆ, ಮತ್ತೆ ನಾಲ್ಕು ಗಂಟೆಗೆ ಅದೇ ಕತೆ. ಬೆಳಿಗ್ಗೆ ಲೋಟ ಹಿಡಿದರೆ ಜಾರುತ್ತದೆ. ನಿನ್ನೆ ಹಾಲಿನ ಪಾತ್ರೆಯೇ ಬಿತ್ತು.

ನನಗೆ ಅರ್ಥ ಆಗದೇ ಇರುವುದು ಇದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತವೆ. ಕಿರುಬೆರಳು ಮಾತ್ರ ಚೆನ್ನಾಗಿರುತ್ತದೆ. ರಕ್ತ ಓಡಾಡುತ್ತಿಲ್ಲ ಅಂದರೆ ಇಡೀ ಕೈ ಮರಗಟ್ಟಬೇಕಲ್ವಾ? ಪಕ್ಕದ ಮನೆಯವರು ವಾಯು ಅಂತಾರೆ, ಮಾವ ಕ್ಯಾಲ್ಸಿಯಂ ಕಡಿಮೆ ಅಂತಾರೆ. ಗೊತ್ತಿರುವವರು ಹೇಳಿ.

ಕೋಟೆಕೆರೆ
ಬಿ12 ಪರೀಕ್ಷೆ ಮಾಡಿಸಿ. ನನಗೂ ಜೋಮು ಇತ್ತು, ಇಂಜೆಕ್ಷನ್ ತಗೊಂಡ ಮೇಲೆ ಹೋಯಿತು.

ಫಿಸಿಯೋ_ಮೈಸೂರು
ಬಿ12 ಪರೀಕ್ಷೆ ಮಾಡಿಸಲಿ, ತಪ್ಪಿಲ್ಲ. ಆದರೆ ಬಿ12 ಕಡಿಮೆಯಾದರೆ ಜೋಮು ಸಾಮಾನ್ಯವಾಗಿ ಎರಡೂ ಕಡೆ ಬರುತ್ತದೆ, ಜಾಸ್ತಿ ಜನರಿಗೆ ಪಾದದಲ್ಲೂ ಇರುತ್ತದೆ. ಬೆರಳು ಆರಿಸಿಕೊಂಡು ಬರುವುದಿಲ್ಲ. ಕಿರುಬೆರಳು ಬಿಟ್ಟು ಉಳಿದದ್ದು ಜೋಮು, ಅದೂ ರಾತ್ರಿ, ಕೊಡವಿದರೆ ಸರಿ. ಇಷ್ಟು ಕೇಳಿದರೆ ನಮಗೆ ಮೊದಲು ನೆನಪಾಗುವುದು ಕಾರ್ಪಲ್ ಟನೆಲ್.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಮೊದಲು ಒಂದು ಕೆಲಸ ಮಾಡಿ. ಬಲಗೈಯಿಂದ ನಿಮ್ಮ ಎಡ ಮುಂಗೈಯನ್ನು ಮೊಣಕೈ ಹತ್ತಿರ ಗಟ್ಟಿಯಾಗಿ ಹಿಡಿದುಕೊಳ್ಳಿ. ಈಗ ಎಡಗೈ ಬೆರಳು ಒಂದೊಂದಾಗಿ ಮಡಚಿ, ಬಿಡಿಸಿ. ನಿಮ್ಮ ಹಿಡಿತದ ಕೆಳಗೆ ಮಾಂಸ ಹೊರಳಾಡುವುದು ಗೊತ್ತಾಗುತ್ತದೆ. ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಇರುವುದು ಅಲ್ಲಿ. ಬೆರಳೊಳಗೆ ಅದನ್ನು ಮಡಚುವ ಸ್ನಾಯು ಒಂದೂ ಇಲ್ಲ. ಮೂಳೆ, ಅದರ ಮೇಲೆ ಹಗ್ಗದಂತಹ ಸ್ನಾಯುರಜ್ಜು, ಚರ್ಮ, ಅಷ್ಟೇ. ಬಾವಿ ನೀರು ಸೇದುವಾಗ ಎಳೆಯುವವರು ಕಟ್ಟೆ ಮೇಲೆ ಇರುತ್ತಾರೆ, ಕೊಡ ಬಾವಿಯೊಳಗೆ ಏಳುತ್ತದೆ. ಹಾಗೆಯೇ ಇದು. ರಾಟೆಯೂ ಇದೆ. ಬೆರಳಿನ ಉದ್ದಕ್ಕೂ ರಜ್ಜು ಮೂಳೆಯಿಂದ ಮೇಲೇಳದ ಹಾಗೆ ಸಣ್ಣ ಸಣ್ಣ ಬಳೆಗಳು ಹಿಡಿದಿರುತ್ತವೆ.

ಆ ಹಗ್ಗಗಳೆಲ್ಲ ಅಂಗೈಗೆ ಬರಬೇಕಾದರೆ ಮಣಿಕಟ್ಟು ದಾಟಬೇಕು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಬೋಗುಣಿ ಹಾಗೆ ಬಾಗಿ ಕೂತಿವೆ. ಬೋಗುಣಿಯ ಬಾಯಿಗೆ ಅಡ್ಡಲಾಗಿ ಒಂದು ಗಟ್ಟಿ ಪಟ್ಟಿ. ಈ ಎರಡರ ನಡುವಿನ ದಾರಿಯೇ ಕಾರ್ಪಲ್ ಟನೆಲ್, ಅಂದರೆ ಮಣಿಕಟ್ಟಿನ ಸುರಂಗ. ಒಳಗೆ ಒಂಬತ್ತು ರಜ್ಜು, ಜೊತೆಗೆ ಒಂದು ನರ. ಆ ನರದ ಹೆಸರು ಮೀಡಿಯನ್. ಮೂರು ಕಡೆ ಮೂಳೆ, ಒಂದು ಕಡೆ ಪಟ್ಟಿ, ಹಿಗ್ಗಲು ಜಾಗವೇ ಇಲ್ಲ. ಒಳಗಿನ ಪೊರೆ ಸ್ವಲ್ಪ ಊದಿಕೊಂಡರೂ ಒತ್ತಡ ಬೀಳುವುದು ಎಲ್ಲರಿಗಿಂತ ಮೆತ್ತಗಿರುವ ನರದ ಮೇಲೆ. ಮಲಗಿದಾಗ ನಾವು ಗೊತ್ತಿಲ್ಲದೆ ಮಣಿಕಟ್ಟು ಮಡಚಿಕೊಳ್ಳುತ್ತೇವೆ, ಆಗ ಜಾಗ ಇನ್ನೂ ಕಿರಿದಾಗುತ್ತದೆ. ರಾತ್ರಿ ಜಾಸ್ತಿ ಆಗುವುದಕ್ಕೆ ಇದೂ ಒಂದು ಕಾರಣ.

ಕಿರುಬೆರಳಿನ ನರ ಬೇರೆ. ಅದು ಅಲ್ನಾರ್, ಆ ಸುರಂಗದೊಳಗೆ ಹೋಗುವುದೇ ಇಲ್ಲ, ಪಕ್ಕದಲ್ಲಿ ಬೇರೆ ದಾರಿ ಹಿಡಿಯುತ್ತದೆ. ಅದಕ್ಕೇ ಅಮ್ಮನ ಕಿರುಬೆರಳು ಸರಿ ಇದೆ.

ಅಡಿಕೆಮನೆ
ಓದುತ್ತಾ ಓದುತ್ತಾ ಕೈ ಹಿಡಿದು ನೋಡಿಕೊಂಡೆ, ನಿಜವಾಗಿಯೂ ಮಾಂಸ ಹೊರಳುತ್ತದೆ! ಉಂಗುರ ಬೆರಳಿನ ಬಗ್ಗೆ ನೀವು ಹೇಳಲಿಲ್ಲ. ಅಮ್ಮನನ್ನು ಕೇಳಿದರೆ "ಅದು ಒಂಥರಾ, ಇದೆ, ಇಲ್ಲ" ಅಂದರು.

ಫಿಸಿಯೋ_ಮೈಸೂರು
ಅಮ್ಮ ಸರಿಯಾಗಿಯೇ ಹೇಳಿದ್ದಾರೆ. ಒಂದು ಹತ್ತಿ ಉಂಡೆ ತಗೊಳ್ಳಿ. ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ. ಉಂಗುರ ಬೆರಳಿನ ತುದಿಯಲ್ಲಿ ನಡುಬೆರಳಿನ ಕಡೆ ಒಮ್ಮೆ ಸವರಿ, ಕಿರುಬೆರಳಿನ ಕಡೆ ಒಮ್ಮೆ ಸವರಿ. ವ್ಯತ್ಯಾಸ ಇದೆಯಾ ಕೇಳಿ ಬಂದು ಬರೆಯಿರಿ.

ಬೈಕ್_ಹುಬ್ಬಳ್ಳಿ
ನನಗೆ ಉಲ್ಟಾ. ಕಿರುಬೆರಳು ಮಾತ್ರ ಜುಮ್ ಅನ್ನುತ್ತದೆ. ದಿನಾ ಒಂದು ಗಂಟೆ ಫೋನಲ್ಲಿ ಮಾತಾಡುವ ಕೆಲಸ ನಂದು.

ಎಂಬಿಬಿಎಸ್_ಮೂರನೇವರ್ಷ
ನಿಮ್ಮದು ಮಣಿಕಟ್ಟಲ್ಲ, ಮೊಣಕೈ ಇರಬಹುದು ಅಣ್ಣ. ಮೊಣಕೈ ಬಾಗಿಲಿಗೆ ತಾಗಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಅದು ಮೂಳೆಗೆ ಆದ ಪೆಟ್ಟಲ್ಲ. ಅಲ್ನಾರ್ ನರ ಮೊಣಕೈ ಹಿಂದೆ ಒಂದು ಮೂಳೆಯ ಸಂದಿಯಲ್ಲಿ ಚರ್ಮದ ಕೆಳಗೇ ಹಾದು ಹೋಗುತ್ತದೆ. ಕೈ ಮಡಚಿ ಫೋನ್ ಕಿವಿಗೆ ಹಿಡಿದಷ್ಟು ಹೊತ್ತೂ ಆ ನರ ಎಳೆದುಕೊಂಡೇ ಇರುತ್ತದೆ. ಇಯರ್‌ಫೋನ್ ಹಾಕಿಕೊಂಡು ಎರಡು ವಾರ ನೋಡಿ. ಬೆರಳಲ್ಲಿ ಬಲ ಕಡಿಮೆ ಆಗುತ್ತಿದ್ದರೆ ಮಾತ್ರ ಕಾಯಬೇಡಿ.

ಗೋಪಿಚಂದನ
ಇದೆಲ್ಲಕ್ಕೂ ಇಂಗ್ಲಿಷ್ ಔಷಧಿ ಬೇಡ. ನಮ್ಮೂರಲ್ಲಿ ನಾಟಿ ಕಟ್ಟು ಕಟ್ಟುವವರು ಇದ್ದಾರೆ. ಎಣ್ಣೆ ಹಚ್ಚಿ ನರ ಎಳೆದು ಕೂರಿಸುತ್ತಾರೆ. ನಮ್ಮ ತಾತನ ಕಾಲದಿಂದ ಅವರೇ.

ಕಬಡ್ಡಿ_ರೈಡರ್
@ಗೋಪಿಚಂದನ ಸಾರ್, ನಿಮ್ಮ ಊರಿನವರನ್ನು ಬೈಯುತ್ತಿಲ್ಲ, ನನ್ನ ಅನುಭವ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಡಿಗ್ರಿ ಎರಡನೇ ವರ್ಷದಲ್ಲಿ ಆಡುವಾಗ ಅಂಗೈ ಊರಿ ಬಿದ್ದೆ. ಹೆಬ್ಬೆರಳಿನ ಬುಡದ ಹತ್ತಿರ ನೋವು. ಊತ ಕಡಿಮೆ ಇತ್ತು. ಎಕ್ಸ್-ರೇ ತೆಗೆಸಿದೆವು, ಏನೂ ಕಾಣಲಿಲ್ಲ ಅಂದರು. ಉಳುಕು ಅಂತ ಮನೆಯಲ್ಲಿ ತಿಕ್ಕಿಸಿದರು, ಕಟ್ಟು ಕಟ್ಟಿಸಿದರು. ಒಂದು ತಿಂಗಳಿಗೆ ನೋವು ಕಡಿಮೆ ಆಯಿತು, ನಾನೂ ಮರೆತೆ. ಒಂದೂವರೆ ವರ್ಷದ ನಂತರ ದಂಡೆ ಹೊಡೆಯಲು ಅಂಗೈ ಊರಿದರೆ ಜೀವ ಹೋಗುವಂಥ ನೋವು. ಆಗ ಸ್ಕ್ಯಾನ್ ಮಾಡಿದರೆ ಸ್ಕೇಫಾಯ್ಡ್ ಮೂಳೆ ಎರಡು ತುಂಡಾಗಿ ಕೂಡಿಕೊಳ್ಳದೆ ಹಾಗೇ ಇತ್ತು. ಸೊಂಟದಿಂದ ಮೂಳೆ ತೆಗೆದು ಅಲ್ಲಿಗೆ ಹಾಕಿ ಸ್ಕ್ರೂ ಹಾಕಿದರು. ಹನ್ನೆರಡು ವಾರ ಪ್ಲಾಸ್ಟರ್. ಆಟ ಬಿಟ್ಟೆ.

ಎಂಬಿಬಿಎಸ್_ಮೂರನೇವರ್ಷ
ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಹೆಬ್ಬೆರಳನ್ನು ಮೇಲಕ್ಕೆತ್ತಿ ಚಾಚಿದರೆ ಅದರ ಬುಡದಲ್ಲಿ ಎರಡು ರಜ್ಜುಗಳ ನಡುವೆ ಒಂದು ಗುಳಿ ಬೀಳುತ್ತದೆ, ನಶ್ಯ ಇಟ್ಟುಕೊಂಡು ಏರಿಸುತ್ತಿದ್ದ ಜಾಗ. ಆ ಗುಳಿಯ ತಳದಲ್ಲೇ ಸ್ಕೇಫಾಯ್ಡ್ ಇರುವುದು. ಬಿದ್ದ ಮೇಲೆ ಅಲ್ಲಿ ಒತ್ತಿದರೆ ನೋವಿದೆ ಅಂದರೆ ಎಕ್ಸ್-ರೇಯಲ್ಲಿ ಕಾಣದಿದ್ದರೂ ಮುರಿದಿದೆ ಅಂತಲೇ ತಿಳಿದು ಕಟ್ಟು ಹಾಕಿ, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸಬೇಕು, ಇಲ್ಲವೇ ಎಂಆರ್‌ಐ ಮಾಡಿಸಬೇಕು.

ಆ ಮೂಳೆಗೆ ರಕ್ತ ಬರುವ ರೀತಿಯೇ ವಿಚಿತ್ರ. ಹೆಚ್ಚಿನ ಪಾಲು ರಕ್ತ ಬೆರಳಿನ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ, ಮುಂಗೈ ಕಡೆಗೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ನಿಂತು ಹೋಗಬಹುದು. ಕೊನೆ ಮನೆಗೆ ನೀರು ಬರದ ಹಾಗೆ. ಅಂಥದ್ದನ್ನು ತಿಕ್ಕಿ ಎಳೆದರೆ ಕೂಡುವ ಮೂಳೆಯೂ ಕೂಡುವುದಿಲ್ಲ.

ಗೋಪಿಚಂದನ
ಕಬಡ್ಡಿ ತಮ್ಮ, ನಿನ್ನ ಮಾತು ಓದಿ ಬೇಜಾರಾಯಿತು. ಆದರೂ ಒಂದು ಮಾತು. ನಮ್ಮ ಕಡೆ ಬೇಗ ಸಿಗುವವರು ಅವರೇ, ಆಸ್ಪತ್ರೆ 40 ಕಿಲೋಮೀಟರ್. ಅದನ್ನೂ ನೋಡಬೇಕು.

ಕಬಡ್ಡಿ_ರೈಡರ್
ಅದು ನಿಜ ಸಾರ್. ನಾನು ಹೇಳುವುದು ಇಷ್ಟೇ, ಆ ಗುಳಿಯಲ್ಲಿ ನೋವಿದ್ದರೆ 40 ಕಿಲೋಮೀಟರ್ ಹೋಗಿ. ಎರಡನೇ ಸಲ ಕೂಡ ಹೋಗಿ.

ಹಸುಗೂಸಿನಮ್ಮ
ನನಗೆ ಜೋಮಿಲ್ಲ, ನೋವು. ಮಗುವಿಗೆ ಮೂರು ತಿಂಗಳು. ಎತ್ತಿಕೊಳ್ಳಲು ಕಂಕುಳಿಗೆ ಕೈ ಹಾಕಿದರೆ ಹೆಬ್ಬೆರಳಿನಿಂದ ಮುಂಗೈವರೆಗೂ ಚಳಕು. ಬಾಟಲ್ ಮುಚ್ಚಳ ತಿರುವಲು ಆಗುವುದಿಲ್ಲ. ಅತ್ತೆ ಬಾಣಂತಿ ಶೀತ ಅಂತಾರೆ, ಬೆಚ್ಚಗೆ ಕಟ್ಟಿಕೋ ಅಂತಾರೆ.

ಫಿಸಿಯೋ_ಮೈಸೂರು
ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳಿನ ಕಡೆ ಬಾಗಿಸಿ ನೋಡಿ ಮೇಡಂ. ಮೆಲ್ಲಗೆ ಅಂದರೆ ಮೆಲ್ಲಗೆ. ಚಳಕು ಹೊಡೆದರೆ ಇದು ಡಿ ಕ್ವೆರ್ವೇನ್ ಇರಬಹುದು. ಸ್ವಿಸ್ ಸರ್ಜನ್ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲೇ ಬರೆದಿಟ್ಟ ಕಾಯಿಲೆ. ಹೆಬ್ಬೆರಳನ್ನು ಎತ್ತುವ ಎರಡು ರಜ್ಜು ಮಣಿಕಟ್ಟಿನ ಪಕ್ಕದಲ್ಲಿ ಒಂದೇ ಕಿರಿದಾದ ಗೂಡಿನೊಳಗೆ ಜಾರುತ್ತವೆ. ಆ ಗೂಡು ದಪ್ಪಗಾಗಿ ರಜ್ಜು ಉಜ್ಜುತ್ತದೆ. ಹೆರಿಗೆಯಾದವರಲ್ಲಿ ತುಂಬಾ ನೋಡುತ್ತೇವೆ.

ಮಗುವನ್ನು ಎತ್ತುವಾಗ ಹೆಬ್ಬೆರಳು ಅಗಲಿಸಿ ಕಂಕುಳಿಗೆ ಕೊಕ್ಕೆ ಹಾಕಬೇಡಿ. ಅಂಗೈ ಮೇಲ್ಮುಖ ಮಾಡಿ ಒಂದು ಕೈ ಪೃಷ್ಠದ ಕೆಳಗೆ, ಇನ್ನೊಂದು ಬೆನ್ನಿನ ಕೆಳಗೆ ಹಾಕಿ, ಮೊರದಲ್ಲಿ ಎತ್ತಿದ ಹಾಗೆ ಎತ್ತಿ. ಹೆಬ್ಬೆರಳಿಗೂ ಸೇರಿ ಇರುವ ಸ್ಪ್ಲಿಂಟ್ (ಕೈ ಅಲುಗದಂತೆ ಹಿಡಿದಿಡುವ ಪಟ್ಟಿ) ಬೇಕು, ಬರೀ ಮಣಿಕಟ್ಟಿನದು ಸಾಲದು. ಅತ್ತೆಯವರು ಬೆಚ್ಚಗೆ ಕಟ್ಟು ಅಂದದ್ದರಲ್ಲಿ ತಪ್ಪಿಲ್ಲ, ಕೈ ಅಲುಗಾಡದೆ ಇರುತ್ತದೆ ಅಲ್ವಾ. ಆದರೆ ಅದೊಂದರಿಂದ ವಾಸಿಯಾಗದಿದ್ದರೆ ಡಾಕ್ಟರನ್ನು ನೋಡಿ.

ಹಸುಗೂಸಿನಮ್ಮ
ಮುಷ್ಟಿ ಬಾಗಿಸಿದ ತಕ್ಷಣ ಕಣ್ಣಲ್ಲಿ ನೀರು ಬಂತು. ನಾಳೆಯೇ ತೋರಿಸುತ್ತೇನೆ. ಮೊರದ ಹಾಗೆ ಎತ್ತಿದೆ, ನೋವು ಕಡಿಮೆ.

ಹಳೇಪುಸ್ತಕ
1895 ಅಂದಾಗ ನೆನಪಾಯಿತು. ಎಕ್ಸ್-ರೇ ಕಂಡುಹಿಡಿದದ್ದೂ ಅದೇ ವರ್ಷ. ರಾಂಟ್ಜೆನ್ 22 ಡಿಸೆಂಬರ್ 1895ರಂದು ಹೆಂಡತಿಯ ಕೈಯ ಚಿತ್ರ ತೆಗೆದರು. ಮೂಳೆಗಳು, ಉಂಗುರ ಬೆರಳಿನಲ್ಲಿ ದೊಡ್ಡ ಉಂಗುರ. ಮನುಷ್ಯನ ದೇಹದೊಳಗೆ ನೋಡಿದ ಮೊದಲ ಚಿತ್ರಗಳಲ್ಲಿ ಒಂದು ಕೈಯದೇ.

ಕ್ರಿಕೆಟ್_ಅಪ್ಪ
ಮಣಿಕಟ್ಟಿನ ಎಕ್ಸ್-ರೇಯಿಂದ ವಯಸ್ಸು ಗೊತ್ತಾಗುತ್ತದೆ ಅನ್ನುವುದು ಎಷ್ಟು ಜನರಿಗೆ ಗೊತ್ತು? ನನ್ನ ಮಗನನ್ನು 16ರ ಒಳಗಿನ ಆಯ್ಕೆಗೆ ಕರೆದುಕೊಂಡು ಹೋಗಿದ್ದೆ. ಜನನ ಪ್ರಮಾಣಪತ್ರ ಇದ್ದರೂ ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ವಿವರಿಸಿದರು. ಹುಟ್ಟಿದ ಮಗುವಿನ ಮಣಿಕಟ್ಟಿನಲ್ಲಿ ಎಕ್ಸ್-ರೇಗೆ ಕಾಣುವ ಮೂಳೆಯೇ ಇರುವುದಿಲ್ಲವಂತೆ, ಎಲ್ಲ ಮೆದುಮೂಳೆ. ಒಂದೊಂದಾಗಿ ವರ್ಷಗಳ ಮೇಲೆ ಗಟ್ಟಿ ಮೂಳೆ ಆಗುತ್ತಾ ಹೋಗುತ್ತವೆ.

ಎಂಬಿಬಿಎಸ್_ಮೂರನೇವರ್ಷ
ಹೌದು. ಮೊದಲು ಕಾಣುವುದು ನಡುವಿನ ಕ್ಯಾಪಿಟೇಟ್, ಹುಟ್ಟಿದ ಕೆಲವೇ ತಿಂಗಳಲ್ಲಿ. ಕೊನೆಗೆ ಪಿಸಿಫಾರ್ಮ್, ಅದಕ್ಕೆ ಸುಮಾರು ಹತ್ತು ವರ್ಷ ಬೇಕು. ಬಟಾಣಿಯಂಥದ್ದು ಅಂತಲೇ ಅದರ ಹೆಸರಿನ ಅರ್ಥ. ಅಂಗೈ ಬುಡದಲ್ಲಿ ಕಿರುಬೆರಳಿನ ಕಡೆ ಒತ್ತಿ ನೋಡಿ, ಕೈಗೆ ಸಿಗುತ್ತದೆ. ಲ್ಯುನೇಟ್ ಅಂದರೆ ಚಂದ್ರ, ಹಾಮೇಟ್ ಅಂದರೆ ಕೊಕ್ಕೆ, ಸ್ಕೇಫಾಯ್ಡ್ ಅಂದರೆ ದೋಣಿ. ಮಣಿಕಟ್ಟಿಗೆ ಎಂಟು, ಅಂಗೈಗೆ ಐದು, ಬೆರಳುಗಳಿಗೆ ಹದಿನಾಲ್ಕು, ಒಟ್ಟು ಒಂದು ಕೈಗೆ 27 ಮೂಳೆ.

ಕೋಟೆಕೆರೆ
ಐದು ಬೆರಳು, ಮೂರು ಮೂರು ಅಂದರೆ ಹದಿನೈದಾಗಬೇಕಲ್ಲ?

ಎಂಬಿಬಿಎಸ್_ಮೂರನೇವರ್ಷ
ಹೆಬ್ಬೆರಳಿಗೆ ಎರಡೇ. ಗಿಣ್ಣು ಎಣಿಸಿ ನೋಡಿ.

ನಾಟ್ಯಶಾಲೆ_ಉಡುಪಿ
ನಾನು ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತೇನೆ. ಒಂದು ಸಂಶಯ ಎಷ್ಟೋ ವರ್ಷದಿಂದ ಇದೆ. ಪತಾಕ ಹಸ್ತಮುದ್ರೆ ಎಲ್ಲ ಮಕ್ಕಳೂ ಮೊದಲ ದಿನವೇ ಹಿಡಿಯುತ್ತಾರೆ. ತ್ರಿಪತಾಕಕ್ಕೆ ಬಂದರೆ ಉಂಗುರ ಬೆರಳು ಮಾತ್ರ ಮಡಚಬೇಕು, ಕಿರುಬೆರಳೂ ಜೊತೆಗೆ ಬಾಗಿಯೇ ಬಿಡುತ್ತದೆ. ಎಡಗೈಯಿಂದ ಕಿರುಬೆರಳನ್ನು ಹಿಡಿದುಕೊಂಡು ಅಭ್ಯಾಸ ಮಾಡುತ್ತಾರೆ ಪಾಪ. ಸೋಮಾರಿತನ ಅಂತ ನನ್ನ ಗುರುಗಳು ಬೈಯುತ್ತಿದ್ದರು. ನಾನೂ ಬೈದಿದ್ದೇನೆ. ಅದು ಸೋಮಾರಿತನವಾ?

ಫಿಸಿಯೋ_ಮೈಸೂರು
ಖಂಡಿತ ಅಲ್ಲ ಮೇಡಂ! ಬೆರಳಿನ ತುದಿಗಿಣ್ಣು ಮಡಚುವ ಸ್ನಾಯು ನಡು, ಉಂಗುರ, ಕಿರು ಬೆರಳಿಗೆ ಬಹುಮಟ್ಟಿಗೆ ಒಂದೇ ದಿಂಡು. ತೋರುಬೆರಳಿನ ಪಾಲು ಮಾತ್ರ ಸುಮಾರಾಗಿ ಬೇರೆ. ಅದಕ್ಕೇ ಒಂದನ್ನು ಎಳೆದರೆ ಪಕ್ಕದ್ದೂ ಬರುತ್ತದೆ. ಬಿಡಿಸುವಾಗಲೂ ಅಷ್ಟೇ. ಅಂಗೈಯನ್ನು ಮೇಜಿನ ಮೇಲೆ ಊರಿ, ನಡುಬೆರಳನ್ನು ಒಳಗೆ ಮಡಚಿ ಇಟ್ಟು, ಉಳಿದ ಬೆರಳು ಒಂದೊಂದೇ ಎತ್ತಿ. ಹೆಬ್ಬೆರಳು ಏಳುತ್ತದೆ, ತೋರುಬೆರಳು ಏಳುತ್ತದೆ, ಕಿರುಬೆರಳು ಏಳುತ್ತದೆ. ಉಂಗುರ ಬೆರಳು ಅಂಟಿಕೊಂಡ ಹಾಗೆ ಕೂತಿರುತ್ತದೆ. ಕೈ ಹಿಂಭಾಗದಲ್ಲಿ ರಜ್ಜುಗಳ ನಡುವೆ ಅಡ್ಡ ಪಟ್ಟಿಗಳಿವೆ, ಅವು ಅದನ್ನು ಪಕ್ಕದವಕ್ಕೆ ಕಟ್ಟಿಹಾಕಿವೆ. ತೋರುಬೆರಳಿಗೂ ಕಿರುಬೆರಳಿಗೂ ಎತ್ತಲು ಸ್ವಂತದ ಇನ್ನೊಂದು ಸ್ನಾಯು ಇದೆ. ಉಂಗುರ ಬೆರಳಿಗೆ ಅದಿಲ್ಲ.

ನೀವು ಮಾಡಿಸುವ ಅಭ್ಯಾಸದಿಂದ ಹಿಡಿತ ಬರುತ್ತದೆ. ಮಕ್ಕಳನ್ನು ಬೈಯುವುದು ಮಾತ್ರ ಬೇಡ.

ನಾಟ್ಯಶಾಲೆ_ಉಡುಪಿ
ಇವತ್ತು ತರಗತಿಯಲ್ಲಿ ಮೊದಲು ಇದನ್ನೇ ಹೇಳುತ್ತೇನೆ. ಮೇಜಿನ ಮೇಲೆ ಮಾಡಿ ನೋಡಿದೆ. ಮೂವತ್ತು ವರ್ಷ ತ್ರಿಪತಾಕ ಹಿಡಿದ ಕೈ, ಆದರೂ ಏಳಲಿಲ್ಲ.

ಬೈಕ್_ಹುಬ್ಬಳ್ಳಿ
ಆಫೀಸಿನಲ್ಲಿ ಏಳು ಜನ ಮಾಡಿದೆವು. ಯಾರದೂ ಏಳಲಿಲ್ಲ.

ಹಳೇಪುಸ್ತಕ
ಮೇಲೆ ಒಬ್ಬರು ಮುಂಗೈ ಅಂತ ಮೊಣಕೈ ಹತ್ತಿರದ ಭಾಗಕ್ಕೆ ಬರೆದಿದ್ದಾರೆ. ನಮ್ಮ ಕಡೆ ಮುಂಗೈ ಅಂದರೆ ಬಳೆ ತೊಡುವ ಜಾಗ.

ಫಿಸಿಯೋ_ಮೈಸೂರು
ಮೊಣಕೈಯಿಂದ ಮಣಿಕಟ್ಟಿನವರೆಗೆ ಪೂರ್ತಿ ಮುಂಗೈ ಅಂತಲೇ ನಾನು ಬಳಸಿದ್ದು. ಬಳೆ ತೊಡುವ ಜಾಗವೂ ಅದರೊಳಗೇ ಬಂತಲ್ಲ.

ಹೂವಿನಂಗಡಿ
ನಮಗೆ ಕೈಯೇ ಅಳತೆ ಕೋಲು. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿ. ಗೇಣು ಅಂದರೆ ಹೆಬ್ಬೆರಳಿಂದ ಕಿರುಬೆರಳು, ಚೋಟು ಅಂದರೆ ಹೆಬ್ಬೆರಳಿಂದ ತೋರುಬೆರಳು. ಗಿರಾಕಿ ಉದ್ದ ಇದ್ದರೆ ತಮ್ಮ ಕೈಯಲ್ಲಿ ಅಳೆಯಿರಿ ಅಂತಾರೆ, ದಿನಾ ಒಂದು ಜಗಳ. ಹೂ ಕಟ್ಟಿ ಕಟ್ಟಿ ನನ್ನ ನಡುಬೆರಳು ಬೆಳಿಗ್ಗೆ ಮಡಚಿದರೆ ಹಾಗೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಕೈಯಿಂದ ಬಿಡಿಸಿದರೆ ಟಕ್ ಅಂತ ಬರುತ್ತದೆ. ಅದೇನು?

ಫಿಸಿಯೋ_ಮೈಸೂರು
ಟ್ರಿಗರ್ ಫಿಂಗರ್ ಅಮ್ಮ. ಮೇಲೆ ರಾಟೆಯ ಮಾತು ಹೇಳಿದೆನಲ್ಲ, ಬೆರಳಿನ ಬುಡದ ಬಳೆ ದಪ್ಪಗಾಗಿ ರಜ್ಜಿನ ಗಂಟು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಜಾಸ್ತಿ. ಒಮ್ಮೆ ಸಕ್ಕರೆ ನೋಡಿಸಿ. ಟಕ್ ಅನ್ನಿಸಬೇಕು ಅಂತ ಮತ್ತೆ ಮತ್ತೆ ಮಡಚಬೇಡಿ.

ಕೋಟೆಕೆರೆ
ನೆಟಿಗೆ ಮುರಿದರೆ ಗಿಣ್ಣು ಸವೆಯುತ್ತದೆ ಅಂತಾರಲ್ಲ, ನಿಜವಾ?

ಎಂಬಿಬಿಎಸ್_ಮೂರನೇವರ್ಷ
ಇಲ್ಲ. ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವಾಗ ಬರುವ ಸದ್ದು ಅದು. ಅಮೆರಿಕದ ಡಾಕ್ಟರ್ ಡೊನಾಲ್ಡ್ ಉಂಗರ್ ಐವತ್ತು ವರ್ಷಕ್ಕೂ ಜಾಸ್ತಿ ಎಡಗೈ ನೆಟಿಗೆ ಮಾತ್ರ ಮುರಿದು, ಬಲಗೈ ಹಾಗೇ ಬಿಟ್ಟು ಹೋಲಿಸಿದರು. ಎರಡರಲ್ಲೂ ಸಂಧಿವಾತ ಇರಲಿಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್ ಕೊಟ್ಟರು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಒಬ್ಬರ ಕೈ ಮಾತ್ರ, ಅದು ದೊಡ್ಡ ಸಾಕ್ಷಿ ಅಲ್ಲ, ಆದರೆ ಅಷ್ಟು ವರ್ಷ ಬಿಡದೆ ಮಾಡಿದ್ದಾರಲ್ಲ!

ಅಡಿಕೆಮನೆ
ಹತ್ತಿ ಉಂಡೆ ಪರೀಕ್ಷೆ ಮಾಡಿದೆ. ನನಗೆ ಮೈ ಜುಮ್ ಅಂದಿತು. ಅಮ್ಮನ ಕೈಗೆ ಅಡಿಕೆ ಚೊಗರು ಹತ್ತಿ ಬೆರಳ ತುದಿ ಕಪ್ಪಾಗಿದೆ, ಸೋಪಿನಲ್ಲಿ ತೊಳೆದು ಒರೆಸಿ ದೀಪದ ಕೆಳಗೆ ಕೂರಿಸಿದೆ. ಕಣ್ಣು ಮುಚ್ಚಿದರು. ಕಿರುಬೆರಳು ಸವರಿದೆ, "ಹೂಂ" ಅಂದರು. ಉಂಗುರ ಬೆರಳಿನ ಆ ಕಡೆ ಸವರಿದೆ, "ಹೂಂ". ಅದೇ ಬೆರಳಿನ ಈ ಕಡೆ ಸವರಿದೆ, ಸುಮ್ನೆ ಕೂತಿದ್ದರು. "ಶುರು ಮಾಡು" ಅಂದರು. ನಾನು ಆಗಲೇ ಮೂರು ಸಲ ಸವರಿದ್ದೆ. ಒಂದೇ ಬೆರಳು, ಅರ್ಧ ಇದೆ, ಅರ್ಧ ಇಲ್ಲ.

ಫಿಸಿಯೋ_ಮೈಸೂರು
ಅದೇ. ಉಂಗುರ ಬೆರಳನ್ನು ಎರಡು ನರಗಳು ಹಂಚಿಕೊಂಡಿವೆ. ಇನ್ನು ತಡ ಮಾಡಬೇಡಿ. ಹೆಬ್ಬೆರಳ ಬುಡದ ದಿಂಡು ಎರಡೂ ಕೈಯಲ್ಲಿ ಒಂದೇ ಸಮ ಇದೆಯಾ ನೋಡಿ. ಬಲಗೈಯದು ಇಳಿದು ಚಪ್ಪಟೆಯಾಗಿದ್ದರೆ ನರಕ್ಕೆ ಜಾಸ್ತಿ ಪೆಟ್ಟಾಗಿದೆ ಅಂತ ಅರ್ಥ. ನರದ ವೇಗ ನೋಡುವ ಎನ್‌ಸಿವಿ ಪರೀಕ್ಷೆ ಮಾಡಿಸಿ, ಜೊತೆಗೆ ಥೈರಾಯ್ಡ್, ಸಕ್ಕರೆ. ಥೈರಾಯ್ಡ್ ಕಡಿಮೆ ಇದ್ದರೂ ಈ ಒತ್ತಡ ಬರುತ್ತದೆ, ಅದಕ್ಕೆ ಮಾತ್ರೆ ಸಾಕಾಗಬಹುದು. ಅಲ್ಲಿಯವರೆಗೆ ರಾತ್ರಿ ಮಣಿಕಟ್ಟು ನೇರ ಇರುವಂತೆ ಸ್ಪ್ಲಿಂಟ್ ಹಾಕಿ ಮಲಗಲಿ. ಬಿಗಿ ಬೇಡ.

ಗೋಪಿಚಂದನ
ತಾಯಿಯವರನ್ನು ಬೇಗ ಕರೆದುಕೊಂಡು ಹೋಗಿ ತಮ್ಮ.

ಅಡಿಕೆಮನೆ (ಮೂರು ವಾರದ ಮೇಲೆ)
ಎಲ್ಲರೂ ಕೇಳುತ್ತಿದ್ದಿರಿ, ತಡವಾಯಿತು. ಶಿವಮೊಗ್ಗದಲ್ಲಿ ತೋರಿಸಿದೆವು. ಎನ್‌ಸಿವಿಯಲ್ಲಿ ಬಲಗೈ ಮೀಡಿಯನ್ ನರ ನಿಧಾನ ಇದೆ, ಮಧ್ಯಮ ಮಟ್ಟ ಅಂದರು. ದಿಂಡು ಇಳಿದಿಲ್ಲ. ಥೈರಾಯ್ಡ್ ಕಡಿಮೆ ಇತ್ತು, ಅದು ಯಾರಿಗೂ ಗೊತ್ತೇ ಇರಲಿಲ್ಲ. ಮಾತ್ರೆ ಶುರುವಾಗಿದೆ. ರಾತ್ರಿ ಸ್ಪ್ಲಿಂಟ್. ಮೂರು ತಿಂಗಳು ನೋಡೋಣ, ಆಗದಿದ್ದರೆ ಆ ಪಟ್ಟಿಯನ್ನು ಕತ್ತರಿಸಿ ಜಾಗ ಮಾಡುವ ಸಣ್ಣ ಆಪರೇಷನ್ ಅಂದರು. ಹೋದ ವಾರ ಎರಡು ರಾತ್ರಿ ಮಾತ್ರ ಎದ್ದಿದ್ದಾರೆ.

ಹೂವಿನಂಗಡಿ
ದೇವರು ಒಳ್ಳೆಯದು ಮಾಡಲಿ. ಸುಲಿಯುವ ಕೆಲಸ?

ಅಡಿಕೆಮನೆ
ನಿಲ್ಲಿಸಿ ಅಂದರೆ ಕೇಳುವುದಿಲ್ಲ ಅಕ್ಕ. ಅಣ್ಣ ಸುಲಿಯುವ ಯಂತ್ರದ ಬಾಡಿಗೆ ಮಾತಾಡಿ ಬಂದಿದ್ದಾನೆ. ಯಂತ್ರದಲ್ಲಿ ಅಡಿಕೆಗೆ ಗಾಯ ಆಗುತ್ತದೆ ಅಂತ ಅಮ್ಮನದು ತಕರಾರು. ಸದ್ಯಕ್ಕೆ ಅವರು ಗಾಯದ್ದನ್ನು ಆರಿಸಿ ತೆಗೆಯಲು ಮಾತ್ರ ಕೂರುವುದು ಅಂತ ಒಪ್ಪಿಸಿದ್ದೇವೆ, ಅದೂ ಎಡಗೈಯಲ್ಲಿ.